ವೃತ್ತಿಪರ ಟೆನರ್ ಟ್ರಾಂಬೋನ್: ಬಿಡಿಭಾಗಗಳನ್ನು ಆರಿಸುವ ಕ್ರಮ

ಪಾಶ್ಚಾತ್ಯ ವಾದ್ಯವೃಂದದ ಹಿತ್ತಾಳೆ ವಾದ್ಯಗಳ ಪೈಕಿ ಟ್ರಾಂಬೋನ್‌ನ ರಚನೆ ಅತ್ಯಂತ ಸರಳವೆಂದು ಮೇಲ್ನೋಟಕ್ಕೆ ತೋರುತ್ತದೆ. ಟ್ರಂಪೆಟ್ಟಿನಂತೆ ಮೂರು ಗುಂಡಿಗಳಿಲ್ಲದ ಈ ವಾದ್ಯದಲ್ಲಿ ಸ್ವರವನ್ನು ಬದಲಿಸುವುದು ವಾದಕರ ಬಲಗೈ ಹಿಡಿತದಲ್ಲಿ ಮುಂದಕ್ಕೂ ಹಿಂದಕ್ಕೂ ಸರಿಯುವ ಜೋಡಿ ನಳಿಕೆ. ಅದಕ್ಕೆ ಸ್ಲೈಡ್ ಎಂದು ಹೆಸರು. ಸ್ಲೈಡ್ ಪೂರ್ತಿ ಒಳಗಿರುವ ಮೊದಲನೆಯ ಸ್ಥಾನದಿಂದ ದೂರಕ್ಕೆ ಚಾಚಿದ ಏಳನೆಯ ಸ್ಥಾನದವರೆಗೆ ಒಂದೊಂದು ಸ್ಥಾನಕ್ಕೂ ಶ್ರುತಿ ಅರ್ಧ ಸ್ವರದಷ್ಟು ಇಳಿಯುತ್ತ ಹೋಗುತ್ತದೆ, ಮತ್ತು ಎರಡು ಸ್ಥಾನಗಳ ನಡುವೆ ಎಲ್ಲಿ ಬೇಕಾದರೂ ಕೈ ನಿಲ್ಲಬಹುದಾದ್ದರಿಂದ ಕರ್ನಾಟಕ ಸಂಗೀತದ ಜಾರುವನ್ನು ಹೋಲುವ ಎಡೆಬಿಡದ ಚಲನೆ ಈ ವಾದ್ಯಕ್ಕೆ ಹುಟ್ಟಿನಿಂದಲೇ ಬಂದಿದೆ. ಬಿ ಫ್ಲ್ಯಾಟ್ ಶ್ರುತಿಯ ಟೆನರ್ ಟ್ರಾಂಬೋನ್‌ನ ಬಾಗುಗಳನ್ನೆಲ್ಲ ಬಿಡಿಸಿ ನೇರ ಮಾಡಿದರೆ ನಳಿಕೆಯ ಉದ್ದ ಸುಮಾರು 2.7 ಮೀಟರ್ ಆಗುತ್ತದೆ. ಈ ಉದ್ದದೊಳಗೆ ತುಟಿ ತಾಗುವ ಮೌತ್‌ಪೀಸ್, ಅದರ ಹಿಂದಿನ ಲೀಡ್‌ಪೈಪ್, ಸ್ಲೈಡ್, ಎಡಗೈ ಹೆಬ್ಬೆರಳಿನ ವಾಲ್ವ್, ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡ್ ಮತ್ತು ಕೊನೆಯಲ್ಲಿ ಅರಳುವ ಬೆಲ್ ಒಂದರ ಹಿಂದೊಂದು ಬರುತ್ತವೆ. ವೃತ್ತಿಪರ ಮಟ್ಟದ ವಾದ್ಯದಲ್ಲಿ ಇಂದು ಇವುಗಳಲ್ಲಿ ಪ್ರತಿಯೊಂದೂ ಬೇರೆಬೇರೆಯಾಗಿ ಆರಿಸಿಕೊಳ್ಳಬಹುದಾದ ಭಾಗ.

ಇಪ್ಪತ್ತನೆಯ ಶತಮಾನದ ಬಹುಕಾಲ ಪರಿಸ್ಥಿತಿ ಹೀಗಿರಲಿಲ್ಲ. ಅಮೆರಿಕದ ಆರ್ಕೆಸ್ಟ್ರಾ ವಾದಕರ ಮುಂದೆ ಮುಖ್ಯವಾಗಿ ಎರಡು ಮಾದರಿಗಳಿದ್ದವು: ಹಳದಿ ಹಿತ್ತಾಳೆಯ ಬೆಲ್ ಇರುವ, ತುಂಬುನಾದದ ಬಾಕ್ ಕಂಪನಿಯ 42 ಮತ್ತು ತಾಮ್ರದಂಶ ಹೆಚ್ಚಿರುವ ತೆಳುವಾದ ಬೆಲ್‌ನಿಂದ ಮೆದುವಾದ, ಬೇಗ ಬಣ್ಣ ತಿರುಗುವ ನಾದ ಕೊಡುವ ಕಾನ್ ಕಂಪನಿಯ 88ಎಚ್. ಎರಡರ ನಡುವೆ ಏನಾದರೂ ಬೇಕೆನ್ನುವವರು ಹಳೆಯ ವಾದ್ಯಗಳನ್ನು ಕೊಯ್ದು, ಒಂದರ ಬೆಲ್ಲಿಗೆ ಇನ್ನೊಂದರ ಸ್ಲೈಡ್ ಕೂಡಿಸಿ, ಬೆಸುಗೆ ಹಾಕಿಸಿಕೊಳ್ಳಬೇಕಾಗಿತ್ತು. 1980ರ ದಶಕದ ಕೊನೆಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಲ್ಕ್‌ಹಾರ್ನ್‌ನಲ್ಲಿ ಎಡ್ವರ್ಡ್ಸ್ ಸಂಸ್ಥೆ ಕಳಚಿ ಜೋಡಿಸಬಹುದಾದ ಟ್ರಾಂಬೋನ್ ತಯಾರಿಸತೊಡಗಿತು; 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಶೈರ್ಸ್, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಮೈಕಲ್ ರಾತ್ ಅದೇ ದಾರಿಯನ್ನು ತಮ್ಮ ತಮ್ಮ ರೀತಿಯಲ್ಲಿ ಮುಂದುವರಿಸಿದರು. ಬಾಕ್ ಸಂಸ್ಥೆಯೂ ಆರ್ಟಿಸನ್ ಎಂಬ ಶ್ರೇಣಿಯಲ್ಲಿ ಆಯ್ಕೆಯ ಭಾಗಗಳನ್ನು ಒದಗಿಸಿತು.

ಆಯ್ಕೆ ಹೆಚ್ಚಿದಂತೆ ದಾರಿ ತಪ್ಪುವ ಸಂಭವವೂ ಹೆಚ್ಚಿದೆ. ಹತ್ತು ಬಗೆಯ ಬೆಲ್, ಆರು ಬಗೆಯ ಸ್ಲೈಡ್, ಆರು ಲೀಡ್‌ಪೈಪ್, ನಾಲ್ಕು ಟ್ಯೂನಿಂಗ್ ಸ್ಲೈಡ್, ಮೂರು ವಾಲ್ವ್ ಎಂದು ಲೆಕ್ಕ ಹಿಡಿದರೂ ಸಂಯೋಜನೆಗಳ ಸಂಖ್ಯೆ 4,320 ಆಗುತ್ತದೆ. ಒಂದು ದಿನದಲ್ಲಿರಲಿ, ಒಂದು ವರ್ಷದಲ್ಲಿಯೂ ಯಾರೂ ಇಷ್ಟನ್ನು ತುಟಿಗಿಟ್ಟು ನೋಡಲಾರರು, ನೋಡಿದರೂ ಮೂವತ್ತನೆಯದನ್ನು ಊದುವಷ್ಟರಲ್ಲಿ ತುಟಿಯೂ ಕಿವಿಯೂ ದಣಿದು ಮೊದಲನೆಯದು ಹೇಗಿತ್ತೆಂಬುದು ಮರೆತುಹೋಗಿರುತ್ತದೆ. ಆದ್ದರಿಂದ ಯಾವ ಭಾಗ ಉತ್ತಮ ಎಂಬ ಪ್ರಶ್ನೆಗಿಂತ ಯಾವುದನ್ನು ಮೊದಲು ಸ್ಥಿರಪಡಿಸಬೇಕು, ಯಾವುದನ್ನು ಯಾರ ಕಿವಿಯಿಂದ ತೀರ್ಮಾನಿಸಬೇಕು ಎಂಬ ಪ್ರಶ್ನೆ ಹೆಚ್ಚು ಮುಖ್ಯ. ಬೆಲ್ಲಿನ ಹೊಳಪಿಗೆ ಮನಸೋತು ಅದರಿಂದಲೇ ಆರಂಭಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ವಾದ್ಯ ಕೈಗೆ ಒಗ್ಗುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಮೌತ್‌ಪೀಸಿನಿಂದ ಸ್ಲೈಡಿನವರೆಗಿನ ಮೊದಲರ್ಧದಲ್ಲಿ. ಸಭಾಂಗಣಕ್ಕೆ ಹೇಗೆ ಕೇಳಿಸುತ್ತದೆ ಎಂಬುದರಲ್ಲಿ ಬೆಲ್ಲಿನ ಪಾಲು ದೊಡ್ಡದು, ಮತ್ತು ಆ ಕೇಳ್ಮೆ ಬೆಲ್ಲಿನ ಹಿಂದೆ ನಿಂತ ವಾದಕರಿಗೆ ದೊರೆಯುವುದೇ ಇಲ್ಲ.

ಎಲ್ಲಕ್ಕಿಂತ ಮೊದಲು ವಾದ್ಯ ಮಾಡಬೇಕಾದ ಕೆಲಸ ಯಾವುದೆಂದು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಬೋರ್ ಅಂದರೆ ಸ್ಲೈಡಿನ ಒಳನಳಿಕೆಯ ಒಳವ್ಯಾಸ ಅದನ್ನೇ ಅವಲಂಬಿಸಿದೆ. ಸಿಂಫನಿ ಆರ್ಕೆಸ್ಟ್ರಾಗಳಲ್ಲಿ ಇಂದು ರೂಢಿಯಲ್ಲಿರುವ ದೊಡ್ಡ ಬೋರಿನ ಅಳತೆ 0.547 ಇಂಚು, ಅಂದರೆ ಸುಮಾರು 13.9 ಮಿಲಿಮೀಟರ್, ಇದರ ಜೊತೆಗೆ ಬರುವ ಬೆಲ್ಲಿನ ವ್ಯಾಸ ಸಾಮಾನ್ಯವಾಗಿ ಎಂಟೂವರೆ ಇಂಚು. ಜಾಝ್, ಚಲನಚಿತ್ರ ಮತ್ತು ಲಘು ಸಂಗೀತದ ಮುಖ್ಯ ವಾದಕರು ಬಳಸುವ ಚಿಕ್ಕ ಬೋರ್ 0.500ರಿಂದ 0.508 ಇಂಚು, ಅಂದರೆ 12.7ರಿಂದ 12.9 ಮಿಲಿಮೀಟರ್. ಇವೆರಡರ ನಡುವಿನ 0.525 ಇಂಚಿನದು ಎರಡೂ ಕಡೆ ದುಡಿಯಬಲ್ಲ ಅಳತೆ. ಬೆಳಿಗ್ಗೆ ಚರ್ಚಿನಲ್ಲಿ, ಸಂಜೆ ಬ್ಯಾಂಡಿನಲ್ಲಿ ಊದುವವರಿಗೆ ಅದು ಯೋಗ್ಯವಾದರೂ ದೊಡ್ಡ ಬೋರಿಗೆ ಸಿಗುವಷ್ಟು ಬಿಡಿಭಾಗಗಳ ವೈವಿಧ್ಯ ಅದಕ್ಕೆ ಸಿಗುವುದಿಲ್ಲ. ಒಂದು ಮಿಲಿಮೀಟರಿನಷ್ಟರ ಈ ವ್ಯತ್ಯಾಸ ಕಿವಿಗೆ ಅಷ್ಟು ದೊಡ್ಡದಾಗಿ ಕೇಳಿಸುವುದಕ್ಕೆ ಭೌತಿಕ ಕಾರಣವಿದೆ. ಗಟ್ಟಿಯಾಗಿ ಊದಿದಾಗ ನೇರ ನಳಿಕೆಯೊಳಗೆ ಸಾಗುವ ಒತ್ತಡದ ಅಲೆಯ ಮುಂಭಾಗ ಕಡಲತೀರಕ್ಕೆ ಬರುವ ತೆರೆಯಂತೆ ಕಡಿದಾಗುತ್ತ ಹೋಗುತ್ತದೆ, ಮತ್ತು ಹಾಗೆ ಕಡಿದಾದಷ್ಟೂ ನಾದದಲ್ಲಿ ಲೋಹದ ಝಳಪು ಹೆಚ್ಚುತ್ತದೆ. ಟ್ರಾಂಬೋನ್‌ನಲ್ಲಿ ಈ ಅಲೆ ಆಘಾತ ತರಂಗದ ಮಟ್ಟವನ್ನೇ ಮುಟ್ಟಬಲ್ಲದೆಂದು ಹಿರ್ಷ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಚಿಕ್ಕ ಬೋರಿನಲ್ಲಿ ಅದೇ ಶಕ್ತಿ ಕಿರಿದಾದ ಜಾಗದಲ್ಲಿ ಹರಿಯುವುದರಿಂದ ಝಳಪು ಬೇಗ ಬರುತ್ತದೆ; ದೊಡ್ಡ ಬೋರಿನಲ್ಲಿ ತಡವಾಗಿ ಬರುತ್ತದೆ. ಬ್ರಾಮ್ಸ್‌ರ ಮೊದಲನೆಯ ಸಿಂಫನಿಯಲ್ಲಿ ಮೂರು ಭಾಗಗಳುದ್ದಕ್ಕೂ ಸುಮ್ಮನಿದ್ದು ನಾಲ್ಕನೆಯದರಲ್ಲಿ ಮೂರು ಟ್ರಾಂಬೋನ್‌ಗಳು ಒಟ್ಟಾಗಿ ಮೃದುವಾಗಿ ಎತ್ತುವ ಗೀತಕ್ಕೆ ಈ ತಡವೇ ವರ, ಬಿಗ್ ಬ್ಯಾಂಡಿನ ಮೊದಲ ಕುರ್ಚಿಗೆ ಅದೇ ತಡ ತೊಡಕು.

ಬೋರ್ ನಿಶ್ಚಯವಾದ ಮೇಲೆ ಮೌತ್‌ಪೀಸನ್ನು ಸ್ಥಿರಪಡಿಸಿ, ಪರೀಕ್ಷೆ ಮುಗಿಯುವವರೆಗೂ ಅದನ್ನು ಬದಲಿಸದಿರುವುದು ಕ್ಷೇಮ. ಅಳೆಯುವ ಕೋಲೇ ಬದಲಾಗುತ್ತಿದ್ದರೆ ಅಳತೆಗೆ ಅರ್ಥವಿರುವುದಿಲ್ಲ. ದೊಡ್ಡ ಬೋರಿನ ವಾದ್ಯಕ್ಕೆ ದೊಡ್ಡ ಶ್ಯಾಂಕ್, ಅಂದರೆ ಒಳಸೇರುವ ಬಾಲದ ಭಾಗ ದಪ್ಪವಿರುವ ಮೌತ್‌ಪೀಸ್ ಬೇಕು; ಚಿಕ್ಕ ಬೋರಿಗೆ ಸಣ್ಣ ಶ್ಯಾಂಕಿನದು. ಬಾಕ್ ಕಂಪನಿಯ 5ಜಿ, ಒಳವ್ಯಾಸ ಸುಮಾರು 25.5 ಮಿಲಿಮೀಟರಿನದು, ಆರ್ಕೆಸ್ಟ್ರಾ ವಾದಕರ ರೂಢಿಯ ಆರಂಭ ಬಿಂದು. ಜಾಝ್ ವಾದಕರು ಬಳಸುವ 12ಸಿ ಸುಮಾರು 24.3 ಮಿಲಿಮೀಟರಿನದು. ಹಳೆಯ ಕಾನ್ 88ಎಚ್ ಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಎಲ್ಕ್‌ಹಾರ್ಟ್‌ನಲ್ಲಿ ತಯಾರಾದ ಹಳೆಯ ಕಾನ್ ವಾದ್ಯಗಳ ಲೀಡ್‌ಪೈಪ್ ರೆಮಿಂಗ್ಟನ್ ಎಂಬ ಬೇರೆಯೇ ಇಳಿಜಾರಿಗೆ ತಕ್ಕಂತೆ ಕೊರೆದದ್ದು, ಆದ್ದರಿಂದ ಇಂದಿನ ಸಾಮಾನ್ಯ ಮೌತ್‌ಪೀಸ್ ಅದರಲ್ಲಿ ಸರಿಯಾಗಿ ಕೂರದೆ ಅಲುಗಾಡುತ್ತದೆ, ಮತ್ತು ಆ ಅಲುಗಾಟದ ದೋಷವನ್ನು ವಾದಕರು ಬೆಲ್ಲಿನ ಮೇಲೆ ಹೊರಿಸಿಬಿಡುವ ಸಾಧ್ಯತೆ ಇರುತ್ತದೆ.

ಸ್ಲೈಡ್ ಈ ವಾದ್ಯದ ಪ್ರಾಣ. ಅದರಲ್ಲಿ ಸಮಾನಾಂತರವಾದ ಎರಡು ಒಳನಳಿಕೆಗಳು, ಅವುಗಳ ಮೇಲೆ ಸರಿಯುವ ಎರಡು ಹೊರನಳಿಕೆಗಳು, ಹೊರನಳಿಕೆಗಳನ್ನು ತುದಿಯಲ್ಲಿ ಕೂಡಿಸುವ ಬಾಗು ಇವೆ. ಒಳನಳಿಕೆಯನ್ನು ಕೈಗೆತ್ತಿಕೊಂಡು ಕೊನೆಯತ್ತ ಬೆರಳಾಡಿಸಿದರೆ ಕೊನೆಯ ಕೆಲವು ಅಂಗುಲಗಳಷ್ಟು ಭಾಗ ಉಳಿದದ್ದಕ್ಕಿಂತ ಕೂದಲೆಳೆಯಷ್ಟು ದಪ್ಪಗಿರುವುದು ತಿಳಿಯುತ್ತದೆ. ಇದೇ ಸ್ಟಾಕಿಂಗ್, ಅಂದರೆ ಕಾಲುಚೀಲ. ಹೊರನಳಿಕೆಗೆ ತಾಗಿ ಸರಿಯುವುದು ಈ ಕಾಲುಚೀಲದ ಭಾಗ ಮಾತ್ರ. ಉಳಿದ ಉದ್ದ ಗಾಳಿಯಲ್ಲಿ ತೇಲಿದಂತೆ ಇರುವುದರಿಂದಲೇ ಸ್ಲೈಡ್ ಬೆರಳ ತುದಿಯ ತಳ್ಳಿಗೆ ಓಡುತ್ತದೆ. ಒಳನಳಿಕೆಗಳನ್ನು ಸಾಮಾನ್ಯವಾಗಿ ನಿಕಲ್ ಸಿಲ್ವರಿನಿಂದ ಮಾಡಿ ಮೇಲೆ ಕ್ರೋಮ್ ಲೇಪಿಸುತ್ತಾರೆ. ನಿಕಲ್ ಸಿಲ್ವರ್ ಎಂಬುದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ಪೂಜಾ ಸಾಮಗ್ರಿಯ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಎಂದು ಮಾರುವ ಲೋಹವೂ ಇದೇ ಕುಟುಂಬದ್ದು, ಅದರಲ್ಲಿ ಬೆಳ್ಳಿಯ ಅಂಶ ಇರುವುದಿಲ್ಲ.

ಆಯ್ಕೆಗೆ ಒಳಪಡುವುದು ಮುಖ್ಯವಾಗಿ ಹೊರನಳಿಕೆಯ ಲೋಹ, ಅದರ ದಪ್ಪ, ತುದಿಬಾಗಿನ ಆಕಾರ ಮತ್ತು ಎರಡು ಕಾಲುಗಳ ಬೋರ್. ಹಳದಿ ಹಿತ್ತಾಳೆಯ ಹೊರನಳಿಕೆ ನಾದಕ್ಕೆ ಅಗಲವನ್ನೂ ಸ್ವಲ್ಪ ತೂಕವನ್ನೂ ಕೊಡುತ್ತದೆಂದು, ತೆಳುವಾದ ನಿಕಲ್ ಸಿಲ್ವರಿನ ಹಗುರ ಸ್ಲೈಡ್ ಸ್ವರದ ಆರಂಭವನ್ನು ಚುರುಕುಗೊಳಿಸಿ ಕೈಯ ದಣಿವನ್ನು ತಗ್ಗಿಸುತ್ತದೆಂದು ವಾದಕರು ಹೇಳುತ್ತಾರೆ. ತುದಿಬಾಗು ಒಂದೇ ಅರ್ಧವೃತ್ತವಾಗಿದ್ದರೆ ಊದುವಾಗ ಗಾಳಿ ತಡೆಯಿಲ್ಲದೆ ಹರಿದಂತೆ ತೋರುತ್ತದೆ, ಎರಡು ಮೂಲೆಗಳಿರುವಂತೆ ಚೌಕಾಕಾರಕ್ಕೆ ಹತ್ತಿರವಾಗಿ ಬಾಗಿಸಿದ್ದರೆ ಸ್ವರಗಳು ತಮ್ಮ ತಮ್ಮ ಗೂಡಿನಲ್ಲಿ ಬಿಗಿಯಾಗಿ ಕುಳಿತಂತೆ ಅನಿಸುತ್ತದೆ. ಇಬ್ಬಗೆಯ ಬೋರ್ ಎಂಬುದರಲ್ಲಿ ಗಾಳಿ ಒಳಹೋಗುವ ಮೇಲಿನ ಕಾಲು 13.9, ಹೊರಬರುವ ಕೆಳಗಿನ ಕಾಲು 14.3 ಮಿಲಿಮೀಟರ್ ಇದ್ದು, ಮಂದ್ರ ಸ್ವರಗಳು ಬಿಚ್ಚಿಕೊಳ್ಳುತ್ತವೆ. ಆದರೆ ಗಾಳಿಯ ಖರ್ಚು ಹೆಚ್ಚುತ್ತದೆ, ತಾರಸ್ಥಾಯಿಯ ಹಿಡಿತ ಕೊಂಚ ಸಡಿಲವಾಗುತ್ತದೆ. ಎರಡನೆಯ ಕುರ್ಚಿಯಲ್ಲಿ ಕುಳಿತು ದಿನವೂ ಕೆಳಗಿನ ಸ್ವರಗಳನ್ನೇ ತುಂಬುವವರಿಗೆ ಅದು ಸಲ್ಲುತ್ತದೆ. ಮೊದಲ ಕುರ್ಚಿಯವರಿಗೆ ಸಮಾನ ಬೋರಿನ ಸ್ಲೈಡೇ ಹೆಚ್ಚು ನಂಬಿಕೆಯದು.

ಇಷ್ಟೆಲ್ಲ ಹೇಳಿದ ಮೇಲೂ ಸ್ಲೈಡಿನ ವಿಷಯದಲ್ಲಿ ಲೋಹಕ್ಕಿಂತ ಮಿಗಿಲಾದದ್ದು ಅದರ ನೇರ. ಪರೀಕ್ಷಿಸುವ ವಿಧಾನ ಕಷ್ಟದ್ದಲ್ಲ. ಸ್ಲೈಡಿಗೆ ತಕ್ಕ ಕ್ರೀಮು ಹಚ್ಚಿ ನೀರು ಚಿಮುಕಿಸಿದ ಮೇಲೆ ಹೊರನಳಿಕೆಯ ಜೋಡಿಯನ್ನು ಮೊದಲು ಒಂದೇ ಒಳನಳಿಕೆಗೆ ಏರಿಸಿ ಮೆಲ್ಲಗೆ ಆಡಿಸಬೇಕು, ಅನಂತರ ಇನ್ನೊಂದಕ್ಕೆ ಮಾತ್ರ ಏರಿಸಿ ಆಡಿಸಬೇಕು. ಎರಡರಲ್ಲಿಯೂ ನುಣುಪಾಗಿ ಸರಿದು, ಎರಡಕ್ಕೂ ಒಟ್ಟಿಗೆ ಏರಿಸಿದಾಗ ಮಾತ್ರ ಬಿಗಿಯಾದರೆ ನಳಿಕೆಗಳು ಪರಸ್ಪರ ಸಮಾನಾಂತರವಾಗಿಲ್ಲವೆಂದು ಅರ್ಥ. ಒಂದರಲ್ಲೇ ತಡೆದರೆ ಆ ನಳಿಕೆಯಲ್ಲಿ ತಗ್ಗೋ ಬಾಗೋ ಇರಬೇಕು. ಬಳಿಕ ವಾದ್ಯವನ್ನು ನೆಟ್ಟಗೆ ಹಿಡಿದು ಸ್ಲೈಡಿನ ಬೀಗ ತೆಗೆದರೆ ಹೊರನಳಿಕೆ ತನ್ನ ತೂಕಕ್ಕೆ ತಾನೇ ಎಲ್ಲಿಯೂ ನಿಲ್ಲದೆ, ಕರಕರ ಸದ್ದಿಲ್ಲದೆ ಇಳಿಯಬೇಕು. ಕೆಳಗೆ ಇನ್ನೊಂದು ಕೈ ಸಿದ್ಧವಾಗಿರುವುದು ಅಗತ್ಯ, ಏಕೆಂದರೆ ನೆಲಕ್ಕೆ ಬಡಿದ ತುದಿಬಾಗು ಇಡೀ ಸ್ಲೈಡನ್ನು ಕೆಡಿಸುತ್ತದೆ. ಬಲ್ಲ ಕಸುಬಿಗಳು ನಳಿಕೆಗಳನ್ನು ಸಮತಟ್ಟಾದ ಗ್ರಾನೈಟ್ ಹಲಗೆಯ ಮೇಲಿರಿಸಿ, ಅಡಿಯಿಂದ ಬೆಳಕು ಎಲ್ಲಿ ನುಸುಳುತ್ತದೆಂದು ನೋಡಿ ನೇರಗೊಳಿಸುತ್ತಾರೆ. ಹೆಸರಾಂತ ಕಂಪನಿಯ ಹೊಸ ವಾದ್ಯವೆಂಬ ಭರವಸೆಯಲ್ಲಿ ಈ ಪರೀಕ್ಷೆಯನ್ನು ಬಿಡಬಾರದು. ಸಾಗಾಟದ ಪೆಟ್ಟಿಗೆಗೆ ಕಂಪನಿಯ ಹೆಸರು ತಿಳಿಯುವುದಿಲ್ಲ.

ಮೌತ್‌ಪೀಸಿಗೂ ಸ್ಲೈಡಿಗೂ ನಡುವೆ, ಮೇಲಿನ ಒಳನಳಿಕೆಯ ಒಳಗೆ ಅಡಗಿರುವ ಗೇಣುದ್ದದ ತೆಳು ಕೊಳವೆಯೇ ಲೀಡ್‌ಪೈಪ್. ಹಳೆಯ ವಾದ್ಯಗಳಲ್ಲಿ ಇದನ್ನು ಬೆಸೆದುಬಿಡುತ್ತಿದ್ದರು. ಈಗಿನವುಗಳಲ್ಲಿ ತಿರುಗಿಸಿ ಬಿಚ್ಚಬಹುದು ಅಥವಾ ಒತ್ತಿ ಕೂಡಿಸಬಹುದು. ಮೌತ್‌ಪೀಸಿನ ಬಾಲ ಮುಗಿದ ಸ್ವಲ್ಪ ದೂರದಲ್ಲಿ ಈ ಕೊಳವೆ ಅತ್ಯಂತ ಕಿರಿದಾಗುತ್ತದೆ, ಆ ಕಂಠಕ್ಕೆ ವೆಂಚುರಿ ಎಂಬ ಹೆಸರಿದೆ, ಅಲ್ಲಿಂದ ಮುಂದೆ ಅದು ನಿಧಾನವಾಗಿ ಹಿಗ್ಗಿ ಬೋರಿನ ಅಳತೆಯನ್ನು ಸೇರುತ್ತದೆ. ಕಂಠ ಕಿರಿದಾದಷ್ಟೂ ತುಟಿಗೆ ಎದುರೊತ್ತಡ ಹೆಚ್ಚು, ಸ್ವರಗಳ ಗೂಡು ಗಟ್ಟಿ, ಶ್ರುತಿ ಸ್ಥಿರ. ಅಗಲವಾದಷ್ಟೂ ಉಸಿರು ಸರಾಗ, ನಾದ ವಿಶಾಲ, ಆದರೆ ಶ್ರುತಿಯ ಹೊಣೆ ವಾದಕರ ಮೇಲೆಯೇ ಬೀಳುತ್ತದೆ. ತಯಾರಕರು ಇವನ್ನು 1, 2, 3 ಎಂದು ಸಂಖ್ಯೆ ಕೊಟ್ಟು ಮಾರುತ್ತಾರಾದರೂ ಒಬ್ಬರ 2 ಇನ್ನೊಬ್ಬರ 2ಕ್ಕೆ ಸಮವೆಂದು ಭಾವಿಸಲು ಆಧಾರವಿಲ್ಲ. ಇಡೀ ವಾದ್ಯದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬದಲಾವಣೆ ತರುವ ಭಾಗ ಇದೇ. ಹೀಗಾಗಿ ಕೈಯಲ್ಲಿರುವ ವಾದ್ಯ ಹಿಡಿಸುತ್ತಿಲ್ಲವೆಂದು ಹೊಸತರ ಬೇಟೆಗೆ ಹೊರಡುವವರು ಮೊದಲು ಮೂರು ಲೀಡ್‌ಪೈಪ್‌ಗಳನ್ನು ತರಿಸಿ ತಿಂಗಳುಗಟ್ಟಲೆ ಊದಿ ನೋಡುವುದು ವಿವೇಕದ ಮಾತು.

ಬೆಲ್ ಬಗ್ಗೆ ಬರೆಯುವಾಗ ಲೋಹದ ಕುರಿತ ಉತ್ಸಾಹ ಮೇರೆ ಮೀರುವುದು ಸಹಜ. ಹಳದಿ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಗೋಲ್ಡ್ ಬ್ರಾಸ್ ಎಂಬುದರಲ್ಲಿ 85ಕ್ಕೆ 15. ರೋಸ್ ಅಥವಾ ರೆಡ್ ಬ್ರಾಸ್ ಎಂಬ ಕೆಂಪು ಹಿತ್ತಾಳೆಯಲ್ಲಿ 90ಕ್ಕೆ 10. ತಾಮ್ರ ಏರಿದಂತೆ ನಾದ ಮೆದುವೂ ಗಾಢವೂ ಆಗುತ್ತದೆ, ಸತು ಏರಿದಂತೆ ಸ್ಪಷ್ಟವೂ ಬಿಗಿಯೂ ಆಗುತ್ತದೆ ಎಂಬುದು ವಾದಕರ ಪರಂಪರಾಗತ ಅನುಭವ. ಧ್ವನಿಶಾಸ್ತ್ರದ ದೃಷ್ಟಿಯಿಂದ ಮಾತ್ರ ನಾದವನ್ನು ಮೊದಲು ನಿರ್ಧರಿಸುವುದು ನಳಿಕೆಯೊಳಗಿನ ಗಾಳಿಕಂಬದ ಆಕಾರ. ಗೋಡೆಯ ಲೋಹದ ಪಾಲು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಎರಡು ಬೆಲ್‌ಗಳನ್ನು ಹೋಲಿಸುವಾಗ ಅವು ಒಂದೇ ಅಚ್ಚಿನ ಮೇಲೆ ರೂಪುಗೊಂಡವೇ ಎಂದು ಮೊದಲು ಕೇಳಬೇಕು. ಬೇರೆಬೇರೆ ಅಚ್ಚಿನವಾದರೆ ಕೇಳಿಸುವ ಭೇದ ಬಣ್ಣದ್ದಲ್ಲ, ಆಕಾರದ್ದು.

ಲೋಹದ ಬಣ್ಣಕ್ಕಿಂತ ಲೋಹದ ಹದ ಹೆಚ್ಚು ಗಮನಕ್ಕೆ ಅರ್ಹವಾದದ್ದು. ಹಿತ್ತಾಳೆಯನ್ನು ಬಡಿದಷ್ಟೂ ಅದು ಗಡುಸಾಗುತ್ತದೆ, ಕೆಂಪಗೆ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಬಿಂದಿಗೆ ಬಡಿಯುವ ಕಂಚುಗಾರರು ತಲೆಮಾರುಗಳಿಂದ ಬಲ್ಲ ಈ ಗುಣವನ್ನೇ ಬೆಲ್ ತಯಾರಕರೂ ಅವಲಂಬಿಸಿದ್ದಾರೆ. ಒಂದೇ ತಗಡನ್ನು ಕತ್ತರಿಸಿ, ಉದ್ದಕ್ಕೆ ಬೆಸೆದು, ಸುತ್ತಿಗೆಯಿಂದ ಬಡಿದು ಅರಳಿಸಿದ್ದು ಏಕಖಂಡದ ಬೆಲ್. ಕಾಂಡ ಮತ್ತು ಅರಳುಬಾಯಿಯನ್ನು ಬೇರೆಬೇರೆ ಮಾಡಿ ನಡುವೆ ಸುತ್ತ ಬೆಸೆದದ್ದು ದ್ವಿಖಂಡದ ಬೆಲ್. ಮೊದಲನೆಯದರಲ್ಲಿ ನಾದ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣದಲ್ಲಿರುತ್ತದೆಂದು ಆರ್ಕೆಸ್ಟ್ರಾ ವಾದಕರು ಹೆಚ್ಚಾಗಿ ಅದನ್ನೇ ಬಯಸುತ್ತಾರೆ. ತಗಡಿನ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಲ್ಲಿ ಹೇಳುವ ರೂಢಿಯಿದ್ದು, ಸಂಖ್ಯೆ ದೊಡ್ಡದಾದಷ್ಟೂ ತಗಡು ತೆಳು: 18 ಗೇಜಿನ ತಗಡು ಸುಮಾರು 1.02, 20ರದ್ದು 0.81, 22ರದ್ದು 0.64 ಮಿಲಿಮೀಟರ್. ತೆಳುವಾದ ಬೆಲ್ ಮೆಲುದನಿಯಲ್ಲೂ ಬೇಗ ಎಚ್ಚರಗೊಳ್ಳುತ್ತದೆ, ಆದರೆ ಗಟ್ಟಿಯಾಗಿ ಊದಿದಾಗ ಬೇಗ ಚೆದುರಿದಂತೆ ಅನಿಸಬಹುದು. ದಪ್ಪದ್ದು ಎಬ್ಬಿಸಲು ಶ್ರಮ ಕೇಳುತ್ತದೆ, ಒಮ್ಮೆ ಎದ್ದರೆ ದೊಡ್ಡ ದನಿಯಲ್ಲೂ ಒಡೆಯುವುದಿಲ್ಲ. ಬೆಲ್ಲಿನ ಅಂಚನ್ನು ಒಂದು ತಂತಿಯ ಮೇಲೆ ಮಡಿಸಿರುತ್ತಾರೆ. ಆ ಮಡಿಕೆಗೆ ಬೆಸುಗೆ ಹರಿಸಿದ್ದರೆ ಅಂಚು ಬಿಗಿಯಾಗಿ ನಾದ ಕೇಂದ್ರೀಕೃತವಾಗುತ್ತದೆಂದು, ಹರಿಸದಿದ್ದರೆ ಅಂಚು ಸ್ವತಂತ್ರವಾಗಿ ನಡುಗಿ ಪ್ರತಿಸ್ಪಂದನ ಚುರುಕಾಗುತ್ತದೆಂದು ಕಸುಬಿನವರ ಅಭಿಪ್ರಾಯ. ಇದನ್ನು ಕಿವಿಗಿಂತ ಮೊದಲು ಬೆರಳು ಗುರುತಿಸುತ್ತದೆ: ಬೆಲ್ಲಿನ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಬೆಸುಗೆ ಇರುವ ಅಂಚೂ ಇಲ್ಲದ ಅಂಚೂ ಬೇರೆಬೇರೆಯಾಗಿ ಝೇಂಕರಿಸುತ್ತವೆ.

ಬೆಲ್ಲನ್ನು ವಾದಕರು ಒಬ್ಬರೇ ಆರಿಸಬಾರದು ಎಂಬ ಮಾತಿಗೆ ಕಾರಣ ಬೆಲ್ಲಿನ ಸ್ವಭಾವದಲ್ಲೇ ಇದೆ. ಕೆಳಗಿನ ಕಂಪನಗಳು ಬೆಲ್ಲಿನಿಂದ ಸುತ್ತೆಲ್ಲ ಹರಡುತ್ತವೆ. ನಾದಕ್ಕೆ ಹೊಳಪು ಕೊಡುವ ಮೇಲಿನ ಕಂಪನಗಳು ಮಾತ್ರ ದೀಪದ ಕಿರಣದಂತೆ ಮುಂದಕ್ಕಷ್ಟೇ ಸಾಗುತ್ತವೆ. ಬೆಲ್ಲಿನ ಹಿಂದಿರುವ ಕಿವಿಗೆ ಆ ಹೊಳಪಿನ ಬಹುಪಾಲು ತಲುಪುವುದೇ ಇಲ್ಲ. ಹೀಗಾಗಿ ಚಿಕ್ಕ ಕೋಣೆಯಲ್ಲಿ ಒಬ್ಬರೇ ಊದಿ "ಇದು ಗಾಢವಾಗಿದೆ" ಎಂದು ಮೆಚ್ಚಿದ ಬೆಲ್ ಸಭಾಂಗಣದ ಹದಿನೈದನೆಯ ಸಾಲಿಗೆ ಮಂಕಾಗಿ ಕೇಳಿಸುವುದುಂಟು.

ಎಡಗೈಯ ಹೆಬ್ಬೆರಳಿನಿಂದ ಒತ್ತುವ ಸನ್ನೆಯಿಂದ ತಿರುಗುವ ವಾಲ್ವ್, ಬಿ ಫ್ಲ್ಯಾಟ್ ವಾದ್ಯವನ್ನು ಕ್ಷಣಮಾತ್ರದಲ್ಲಿ ಎಫ್ ಶ್ರುತಿಗೆ ಇಳಿಸುವ ಸುಮಾರು 90 ಸೆಂಟಿಮೀಟರಿನ ಹೆಚ್ಚುವರಿ ನಳಿಕೆಗೆ ಗಾಳಿಯನ್ನು ತಿರುಗಿಸುತ್ತದೆ. ಇದನ್ನು ಜರ್ಮನಿಯ ಲೈಪ್‌ಜಿಗ್‌ನ ವಾದ್ಯ ತಯಾರಕ ಕ್ರಿಶ್ಚಿಯನ್ ಫ್ರೀಡ್ರಿಕ್ ಸಾಟ್ಲರ್ 1839ರಲ್ಲಿ ರೂಪಿಸಿದ. ಸಾದಾ ಟೆನರ್ ವಾದ್ಯದಲ್ಲಿ ಏಳನೆಯ ಸ್ಥಾನದ ಇ ಸ್ವರಕ್ಕೂ ಅದರ ಕೆಳಗಿನ ಪೆಡಲ್, ಅಂದರೆ ನಳಿಕೆಯ ತಳಸ್ವರವಾದ, ಬಿ ಫ್ಲ್ಯಾಟ್‌ಗೂ ನಡುವೆ ಒಂದು ಕಂದರವಿದೆ. ಎಫ್ ವಾಲ್ವ್ ಆ ಕಂದರದ ಇ ಫ್ಲ್ಯಾಟ್, ಡಿ, ಡಿ ಫ್ಲ್ಯಾಟ್ ಮತ್ತು ಸಿ ಸ್ವರಗಳನ್ನು ತುಂಬುತ್ತದೆ. ಅಷ್ಟೇ ಮುಖ್ಯವಾಗಿ ಆರನೆಯ ಸ್ಥಾನಕ್ಕೆ ತೋಳು ಚಾಚಿ ಹಿಡಿಯಬೇಕಾದ ಸಿ ಮತ್ತು ಎಫ್ ಸ್ವರಗಳನ್ನು ಮೊದಲನೆಯ ಸ್ಥಾನಕ್ಕೇ ತಂದುಕೊಡುತ್ತದೆ.

ವಾಲ್ವಿನಲ್ಲಿ ಮೂರು ಬಗೆಗಳು ಮುಖ್ಯ. ಸಾಂಪ್ರದಾಯಿಕ ರೋಟರಿಯಲ್ಲಿ ಉರುಳೆಯಾಕಾರದ ಗಟ್ಟಿ ತಿರುಳು ಕಾಲು ಸುತ್ತು ತಿರುಗುತ್ತದೆ. ಅದರೊಳಗಿನ ಹಾದಿ ಗಿಡ್ಡದಾಗಿ, ಕಡಿದಾಗಿ ಬಾಗಿರುವುದರಿಂದ ಎಫ್ ಬದಿಯ ಸ್ವರಗಳು ಕೊಂಚ ಮುಚ್ಚಿದಂತೆ ಬರುತ್ತವೆ, ಆದರೆ ರಚನೆ ಚಿಕ್ಕದು, ಹಗುರ, ದುರಸ್ತಿ ಸುಲಭ. ಅಮೆರಿಕದ ಎಡ್ ಥೇಯರ್ 1970ರ ದಶಕದಲ್ಲಿ ರೂಪಿಸಿದ ಆಕ್ಸಿಯಲ್ ವಾಲ್ವಿನಲ್ಲಿ ತಿರುಳು ಶಂಕುವಿನಾಕಾರದ್ದು. ಗಾಳಿ ಅದರೊಳಗೆ ಬಹುತೇಕ ನೇರವಾಗಿ ಹಾದು ಸ್ವಲ್ಪವೇ ಓರೆಯಾಗುವುದರಿಂದ ಸನ್ನೆ ಒತ್ತಿದ ಸ್ವರಕ್ಕೂ ಒತ್ತದ ಸ್ವರಕ್ಕೂ ನಾದಭೇದ ತೀರ ಕಡಿಮೆ. ಅದರ ಬೆಲೆ ಎಂದರೆ ದೊಡ್ಡ ಗಾತ್ರ, ಹೆಚ್ಚು ತೂಕ ಮತ್ತು ಎಣ್ಣೆ, ಹೊಂದಾಣಿಕೆಗಳ ನಿತ್ಯದ ಆರೈಕೆ. ಜಿನೀವಾದ ರೆನೆ ಹ್ಯಾಗ್‌ಮನ್ ರೂಪಿಸಿದ ವಾಲ್ವ್ ರೋಟರಿಯಂತೆಯೇ ತಿರುಗಿದರೂ ಅದರ ತಿರುಳು ಅಗಲವಾಗಿದ್ದು ಹಾದಿಗಳ ಬಾಗು ಸೌಮ್ಯವಾಗಿದೆ. ಆಕ್ಸಿಯಲ್ಲಿನ ಸರಾಗಕ್ಕೂ ರೋಟರಿಯ ಹಿಡಿತಕ್ಕೂ ಮಧ್ಯದ ನೆಲೆ ಅದು. ವಾಲ್ವ್ ದುರಸ್ತಿ ಬಲ್ಲವರು ಹತ್ತಿರವಿಲ್ಲದ ಊರಿನ ವಾದಕರಿಗೆ, ನಾದದ ಸೂಕ್ಷ್ಮಗಳನ್ನೆಲ್ಲ ಪಕ್ಕಕ್ಕಿಟ್ಟು, ಚೆನ್ನಾಗಿ ತಯಾರಾದ ರೋಟರಿಯನ್ನೇ ಸೂಚಿಸಬೇಕಾಗುತ್ತದೆ.

ಹೆಚ್ಚುವರಿ ನಳಿಕೆಯನ್ನು ಸುತ್ತುವ ಬಗೆ ಎರಡು. ಬೆಲ್ಲಿನ ಬಾಗಿನೊಳಗೇ ಮಡಚಿಟ್ಟದ್ದು ಮುಚ್ಚಿದ ಸುತ್ತು. ಬಾಗುಗಳನ್ನು ಕಡಿಮೆ ಮಾಡಿ ಹಿಂದಕ್ಕೆ ಚಾಚಿದ್ದು ತೆರೆದ ಸುತ್ತು. ಎರಡನೆಯದರಲ್ಲಿ ಗಾಳಿ ಸರಾಗವಾದರೂ ಹಿಂಬದಿಯ ಕುರ್ಚಿಗೆ, ಬಾಗಿಲ ಚೌಕಟ್ಟಿಗೆ ತಾಗಿ ತಗ್ಗು ಬೀಳುವುದು ಹೆಚ್ಚು. ವಾಲ್ವ್ ಗಾಳಿ ಬಿಗಿಯಾಗಿದೆಯೇ ಎಂದು ತಿಳಿಯಲು ಸರಳ ಉಪಾಯವಿದೆ: ಸನ್ನೆಯನ್ನು ಒತ್ತದೆ ಎಫ್ ಬದಿಯ ಟ್ಯೂನಿಂಗ್ ಸ್ಲೈಡನ್ನು ಕೆಲವು ಸೆಂಟಿಮೀಟರ್ ಹೊರಗೆಳೆದು, ಹತ್ತು ಎಣಿಸುವಷ್ಟು ಕಾದು, ಅನಂತರ ಸನ್ನೆ ಒತ್ತಬೇಕು, "ಟಪ್" ಎಂಬ ಸ್ಪಷ್ಟ ಸದ್ದು ಬಂದರೆ ಒಳಗಿನ ನಿರ್ವಾತ ಅಷ್ಟು ಹೊತ್ತು ಉಳಿದಿತ್ತೆಂದು ಅರ್ಥ, ಬಾರದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಇನ್ನು ಕೆಲವು ತಯಾರಕರ ವಾದ್ಯಗಳಲ್ಲಿ ವಾಲ್ವ್ ಭಾಗವನ್ನೇ ಕಳಚಿ ಅದರ ಜಾಗಕ್ಕೆ ನೇರ ನಳಿಕೆ ಕೂಡಿಸಬಹುದು. ಮೊಜಾರ್ಟರ ರಿಕ್ವಿಯಮ್‌ನ ಟೂಬಾ ಮಿರುಮ್ ಏಕವಾದನದಂತೆ ಕೆಳಸ್ವರಗಳ ಅಗತ್ಯವಿಲ್ಲದ ಕೃತಿಗಳಲ್ಲಿ ಎಡಗೈಯ ಭಾರ ಇಳಿಯುವುದು ದೊಡ್ಡ ಸಮಾಧಾನ.

ಟ್ಯೂನಿಂಗ್ ಸ್ಲೈಡ್ ಕುರಿತು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಲೋಹ ಮತ್ತು ಬಾಗಿನ ಆಕಾರದಲ್ಲಿ ಅದಕ್ಕೂ ಆಯ್ಕೆಗಳಿವೆ, ಆದರೆ ಅದು ಊಟದ ಕೊನೆಯ ಉಪ್ಪಿನಂತೆ, ಉಳಿದೆಲ್ಲ ನಿಶ್ಚಯವಾದ ಮೇಲೆ ನಾದವನ್ನು ಕೂದಲೆಳೆಯಷ್ಟು ಅತ್ತಿತ್ತ ತಿದ್ದಲು ಉಪಯುಕ್ತ.

ಪರೀಕ್ಷೆಯ ದಿನ ಒಂದು ಬಾರಿಗೆ ಒಂದೇ ಭಾಗವನ್ನು ಬದಲಿಸಬೇಕು, ಮತ್ತು ಪ್ರತಿ ಬದಲಾವಣೆಯ ಬಳಿಕವೂ ಒಂದೇ ಕ್ರಮದ ಕೆಲವೇ ತುಣುಕುಗಳನ್ನು ಊದಬೇಕು: ಮೆಲುದನಿಯ ದೀರ್ಘಸ್ವರ, ಬ್ರಾಮ್ಸ್‌ರ ಗೀತದ ಮೃದು ಆರಂಭ, ರಾವೆಲ್‌ನ ಬೊಲೆರೋದಲ್ಲಿ ಟ್ರಾಂಬೋನ್ ಅತಿ ಎತ್ತರದಿಂದ ಇಳಿಯುವ ಏಕವಾದನ, ಅನಂತರ ಗಟ್ಟಿದನಿಯ ಒಂದು ಮೆರವಣಿಗೆಯ ಭಾಗ. ಬೊಲೆರೋದ ಆ ಮೊದಲ ಸ್ವರ ಯಾವ ಸಿದ್ಧತೆಯೂ ಇಲ್ಲದೆ ನೇರವಾಗಿ ತಾರಸ್ಥಾಯಿಯಲ್ಲಿ ಹುಟ್ಟಬೇಕಾದ್ದರಿಂದ ಲೀಡ್‌ಪೈಪ್ ತಪ್ಪಾಗಿದ್ದರೆ ಅಲ್ಲೇ ಬಯಲಾಗುತ್ತದೆ. ಕೇಳುವವರು, ನಂಬಿಕಸ್ಥ ಸಹವಾದಕರೋ ಗುರುಗಳೋ, ಸಭಾಂಗಣದ ಹಿಂಭಾಗದಲ್ಲಿ ವಾದ್ಯಕ್ಕೆ ಬೆನ್ನು ಮಾಡಿ ಕುಳಿತಿರಬೇಕು. ಯಾವ ಬೆಲ್ ಯಾವುದೆಂದು ಅವರಿಗೆ ತಿಳಿಸದೆ ಅಂಕ ಬರೆಸುವುದು ಒಳ್ಳೆಯದು, ಏಕೆಂದರೆ ಕೆಂಪು ಬೆಲ್ ಕಣ್ಣಿಗೆ ಬಿದ್ದೊಡನೆ ಕಿವಿಗೂ ಬೆಚ್ಚಗೆ ಕೇಳಿಸತೊಡಗುತ್ತದೆ. ವಾದಕರು ತಮ್ಮ ಕೈ ಮತ್ತು ತುಟಿಯ ಅನುಭವವನ್ನು ಪ್ರತ್ಯೇಕವಾಗಿ ಬರೆದುಕೊಂಡು ಕೊನೆಯಲ್ಲಿ ಎರಡು ಪಟ್ಟಿಗಳನ್ನು ಹೋಲಿಸಿದಾಗ, ಸ್ಲೈಡ್ ಮತ್ತು ಲೀಡ್‌ಪೈಪಿನ ವಿಷಯದಲ್ಲಿ ವಾದಕರ ಪಟ್ಟಿಗೂ, ಬೆಲ್ಲಿನ ವಿಷಯದಲ್ಲಿ ಕೇಳುಗರ ಪಟ್ಟಿಗೂ ಹೆಚ್ಚು ಬೆಲೆ ಕೊಡುವುದು ನ್ಯಾಯ. ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನಲ್ಲಿ 1985ರಲ್ಲಿ ಮುಖ್ಯ ಟ್ರಾಂಬೋನ್ ವಾದಕರಾದ ಜೋಸೆಫ್ ಅಲೆಸ್ಸಿ ಅವರ ಸಹಯೋಗದಲ್ಲಿ ಎಡ್ವರ್ಡ್ಸ್ ರೂಪಿಸಿದ ಟಿ396-ಎ ಮಾದರಿಯಂತಹ ವಾದ್ಯಗಳು ಉಂಟಾದರೂ, ಒಬ್ಬ ಮಹಾವಾದಕರ ಉಸಿರಿಗೆ ಹೊಂದಿದ್ದು ಎಲ್ಲರ ಉಸಿರಿಗೂ ಹೊಂದಬೇಕೆಂದಿಲ್ಲ.

ಕರ್ನಾಟಕದಲ್ಲಿ ಈ ವಾದ್ಯ ಅಪರಿಚಿತವೇನಲ್ಲ. ಮೈಸೂರು ಅರಮನೆಯ ಬ್ಯಾಂಡ್ ಪರಂಪರೆಯನ್ನು ಮುಂದುವರಿಸಿರುವ ಪೊಲೀಸ್ ಇಂಗ್ಲಿಷ್ ಬ್ಯಾಂಡ್, ಬೆಂಗಳೂರಿನ ಸೇನಾ ಬ್ಯಾಂಡ್‌ಗಳು ಮತ್ತು ಚರ್ಚುಗಳ ವಾದ್ಯಗೋಷ್ಠಿಗಳ ಮೂಲಕ ಹಿತ್ತಾಳೆ ವಾದ್ಯಗಳ ದನಿ ಇಲ್ಲಿ ತಲೆಮಾರುಗಳಿಂದ ಕೇಳಿಬಂದಿದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಶಾಲೆಯ ಬ್ಯಾಂಡಿನಲ್ಲಿಯೇ ಇದರ ಪರಿಚಯವಾಗುವುದೂ ಉಂಟು. ಇಲ್ಲಿಂದ ಬಿಡಿಭಾಗಗಳನ್ನು ತರಿಸುವವರು ಬೆಲೆಯ ಜೊತೆಗೆ ಆಮದು ಸುಂಕವನ್ನೂ ವಾಪಸಾತಿಯ ಸಾಗಾಟ ವೆಚ್ಚವನ್ನೂ ಮೊದಲೇ ಲೆಕ್ಕ ಹಾಕಬೇಕು. ಸಾಧ್ಯವಿದ್ದಲ್ಲಿ ವಿದೇಶ ಪ್ರವಾಸದ ಸಂದರ್ಭದಲ್ಲಿ ತಯಾರಕರ ಕಾರ್ಯಾಗಾರದಲ್ಲೇ ಕುಳಿತು ಆರಿಸಿಕೊಳ್ಳುವುದು ಲೇಸು. ಬೆಲ್ಲಿನ ಅರಳುಭಾಗವನ್ನು ತಿರುಗಿಸಿ ಕಳಚುವ ವ್ಯವಸ್ಥೆಯಿದ್ದರೆ ವಾದ್ಯ ಚಿಕ್ಕ ಪೆಟ್ಟಿಗೆಯಲ್ಲಿ ಕೂರುತ್ತದೆ ಮತ್ತು ವಿಮಾನದಲ್ಲಿ ಜೊತೆಗೇ ಒಯ್ಯಲು ಅನುಕೂಲ.

ಕರಾವಳಿಯ ತೇವದ ಹವೆಯಲ್ಲಿ ಮೆರುಗೆಣ್ಣೆ ಲೇಪವಿಲ್ಲದ ಹಿತ್ತಾಳೆಯ ವಾದ್ಯ ಕೈಬೆವರಿಗೆ ಬೇಗ ಕಿಲುಬು ಹಿಡಿಯುತ್ತದೆ. ಅಲ್ಲಿನವರಿಗೆ ಮೆರುಗೆಣ್ಣೆ ಹಚ್ಚಿದ್ದು ಅಥವಾ ಬೆಳ್ಳಿ ಲೇಪಿಸಿದ್ದು ಒಳ್ಳೆಯದು. ಇದಕ್ಕಿಂತ ಅಪಾಯಕಾರಿಯಾದದ್ದು ಒಳಗಿನಿಂದ ನಡೆಯುವ ಸವೆತ. ಉಸಿರಿನ ತೇವ ಮತ್ತು ಎಂಜಲು ಹಳದಿ ಹಿತ್ತಾಳೆಯ ಸತುವನ್ನು ಕರಗಿಸಿ ಒಯ್ದಾಗ ಉಳಿಯುವ ತಾಮ್ರ ರಂಧ್ರಮಯವಾಗಿ, ಹೊರಮೈಯಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ, ಮತ್ತು ಮೌತ್‌ಪೀಸಿಗೆ ತೀರ ಹತ್ತಿರವಿರುವ ಲೀಡ್‌ಪೈಪ್ ಇದಕ್ಕೆ ಮೊದಲು ತುತ್ತಾಗುತ್ತದೆ. ತಾಮ್ರದಂಶ 85 ಭಾಗ ಅಥವಾ ಅದಕ್ಕಿಂತ ಹೆಚ್ಚಿರುವ ಹಿತ್ತಾಳೆ ಈ ಸವೆತವನ್ನು ಚೆನ್ನಾಗಿ ತಡೆಯುವುದರಿಂದ, ಎರಡು ಲೀಡ್‌ಪೈಪ್‌ಗಳು ನಾದದಲ್ಲಿ ಸಮವೆನಿಸಿದಾಗ ಕೆಂಪು ಛಾಯೆಯದನ್ನು ಆರಿಸುವುದು ದೀರ್ಘಕಾಲದ ಲಾಭ. ಊದಿ ಮುಗಿಸಿದ ಮೇಲೆ ಒಳನಳಿಕೆಗಳಲ್ಲಿ ಬಟ್ಟೆಯ ಸರಳು ಹಾಯಿಸಿ ತೇವ ತೆಗೆಯಬೇಕು. ಬಿಚ್ಚಬಹುದಾದ ಲೀಡ್‌ಪೈಪನ್ನು ಬದಲಿಸುವ ಉದ್ದೇಶವಿಲ್ಲದಿದ್ದರೂ ತಿಂಗಳಿಗೊಮ್ಮೆ ತಿರುಗಿಸಿ ಹೊರತೆಗೆದು, ತಿರುಪಿನ ಎಳೆಗಳನ್ನು ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಮತ್ತೆ ಕೂರಿಸಬೇಕು, ಇಲ್ಲವಾದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಸಿರು ಕಿಲುಬಿನಲ್ಲಿ ಬಿಗಿದುಕೊಂಡು ಬೆಸೆದದ್ದಕ್ಕಿಂತ ಗಟ್ಟಿಯಾಗಿ ಒಳನಳಿಕೆಗೆ ಅಂಟಿಕೊಳ್ಳುತ್ತದೆ.